ಶಾಲು ಹೊದಿಸುವ ಮೊದಲು

ಇತ್ತೀಚೆಗೆ ಬಂದ ಓದುಗರ ಪತ್ರಗಳಲ್ಲಿ ಮೂರು ಒಂದೇ ವಿಷಯವನ್ನು ಮೂರು ದಿಕ್ಕಿನಿಂದ ಎತ್ತಿವೆ. ಕಥೋಲಿಕ ಶಾಲೆಗಳಿಗಾಗಿ, ಮಕ್ಕಳ ಧರ್ಮೋಪದೇಶಕ್ಕಾಗಿ ಸಂಬಳವಿಲ್ಲದೆ ಆಯುಷ್ಯ ಸವೆಸಿದವರನ್ನು ಗೌರವಿಸುವ ಬಗೆ ಯಾವುದು ಎಂಬುದೇ ಆ ವಿಷಯ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಮೂರು ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಅವರ ಹೆಸರನ್ನೂ ಊರು, ಶಾಲೆಗಳ ಹೆಸರನ್ನೂ ಕೊಟ್ಟಿಲ್ಲ.

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಧರ್ಮಕೇಂದ್ರದ ಪಾಲನಾ ಸಮಿತಿಯ ಸದಸ್ಯ. ನಮ್ಮ ಚರ್ಚಿಗೆ ಸೇರಿದ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹಿರಿಯರೊಬ್ಬರು ನಲವತ್ತೊಂದು ವರ್ಷ ಒಂದು ರೂಪಾಯಿಯನ್ನೂ ಪಡೆಯದೆ ದುಡಿದಿದ್ದಾರೆ. ಹಗಲು ಸರ್ಕಾರಿ ನೌಕರಿ, ಸಂಜೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ, ಭಾನುವಾರ ಪೂಜೆ ಮುಗಿದ ಮೇಲೆ ಧರ್ಮೋಪದೇಶದ ತರಗತಿ, ವರ್ಷದ ಕೊನೆಗೆ ಶಾಲೆಯ ಲೆಕ್ಕಪತ್ರ. ಈಗ ಅವರಿಗೆ 78 ವರ್ಷ. ಅವರನ್ನು ಗೌರವಿಸಬೇಕೆಂದು ಸಭೆ ಸೇರಿದಾಗ ಮೂರು ಪಂಗಡವಾಯಿತು. ಶಾಲು, ಪೇಟ, ಹಮ್ಮಿಣಿ ಸಾಕೆಂದು ಕೆಲವರು. ವ್ಯಾಟಿಕನ್ನಿನ ಪದಕ ತರಿಸಬೇಕೆಂದು ಕೆಲವರು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಶುಭಸಂದೇಶವೇ ಹೇಳಿರುವಾಗ ಸನ್ಮಾನವೇ ತಪ್ಪೆಂದು ಮತ್ತೆ ಕೆಲವರು. ನಾವು ಯಾರ ಮಾತು ಕೇಳಬೇಕು?

ಉತ್ತರ: ಮೂರನೆಯ ಪಂಗಡದವರ ಆಕ್ಷೇಪವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಪರಿಹಾರವಾಗದೆ ಉಳಿದರೆ ನೀವು ಏನು ಮಾಡಿದರೂ ಅಳುಕಿನಿಂದಲೇ ಮಾಡುತ್ತೀರಿ. ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದ ಆ ಮಾತು ಕೊಡುವವನಿಗೆ ಹೇಳಿದ್ದು. ತನ್ನ ದಾನವನ್ನು ತಾನೇ ಡಂಗುರ ಸಾರಿಕೊಳ್ಳಬೇಡ ಎಂಬ ಎಚ್ಚರಿಕೆ ಅದು. ಪಡೆದವನು ಬಾಯಿ ಮುಚ್ಚಿಕೊಂಡಿರಬೇಕೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ಪಡೆದವರ ಕರ್ತವ್ಯವೇನೆಂಬುದು ಲೂಕನ ಹದಿನೇಳನೆಯ ಅಧ್ಯಾಯದಲ್ಲಿದೆ: ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನು ಮಾತ್ರ ಹಿಂದಿರುಗಿ ಬಂದಾಗ, ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸುಸ್ವಾಮಿ ಕೇಳಿದರು. ನಿಮ್ಮ ಹಿರಿಯರು ಮೊದಲನೆಯ ಮಾತನ್ನು ನಲವತ್ತೊಂದು ವರ್ಷ ಪಾಲಿಸಿದ್ದಾರೆ. ಎರಡನೆಯದನ್ನು ಪಾಲಿಸುವ ಹೊಣೆ ನಿಮ್ಮದು. ಅವರ ವಿನಯವನ್ನು ನಮ್ಮ ಮರೆವಿಗೆ ನೆಪ ಮಾಡಿಕೊಳ್ಳುವುದು ನ್ಯಾಯವಲ್ಲ.

ಆದರೆ ಸನ್ಮಾನ ಸರಿಯೆಂದ ಮಾತ್ರಕ್ಕೆ ಎಲ್ಲ ಬಗೆಯ ಸನ್ಮಾನವೂ ಸರಿಯೆಂದಾಗುವುದಿಲ್ಲ. ನಾನು ಬೆಳೆದದ್ದು ಕೋಲಾರದ ಕಡೆಯ ಒಂದು ಹಳ್ಳಿಯಲ್ಲಿ. ನಮಗೆ ಜಪ, ಧರ್ಮೋಪದೇಶ, ಅದರ ಜೊತೆಗೇ ಕನ್ನಡದ ಕಾಗುಣಿತವನ್ನೂ ಹೇಳಿಕೊಟ್ಟವರು ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಉಪದೇಶಿಗಳು. ಹಳ್ಳಿಯಿಂದ ಹಳ್ಳಿಗೆ ಹೋಗಿ, ಜಗುಲಿಯ ಮೇಲೋ ಹುಣಸೆಮರದ ಕೆಳಗೋ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿ, ಕತ್ತಲಾದ ಮೇಲೆ ಹಿಂದಿರುಗುತ್ತಿದ್ದರು. ಅವರಿಗೆ ಕಿವಿ ಪೂರ್ತಿ ಮಂದವಾದ ಮೇಲೆ ಒಂದು ಸನ್ಮಾನ ನಡೆಯಿತು. ಹಾರ ಹಾಕಿದರು, ಶಾಲು ಹೊದಿಸಿದರು, ಚೌಕಟ್ಟು ಹಾಕಿಸಿದ ಬಿನ್ನವತ್ತಳೆಯನ್ನು ಒಬ್ಬರು ಗಟ್ಟಿಯಾಗಿ ಓದಿದರು. ಸರಳರು, ಸಜ್ಜನರು, ಸ್ನೇಹಜೀವಿಗಳು, ನಿಸ್ವಾರ್ಥ ಸೇವಕರು ಎಂದು ಅದರಲ್ಲಿ ಬರೆದಿತ್ತು. ಅವುಗಳಲ್ಲಿ ಒಂದೂ ಸುಳ್ಳಲ್ಲ, ಆದರೆ ಅವರ ಹೆಸರನ್ನು ಅಳಿಸಿ ಬೇರೆ ಯಾರ ಹೆಸರನ್ನು ಬರೆದರೂ ಒಪ್ಪುತ್ತಿತ್ತು. ಅವರು ತೀರಿಕೊಂಡ ಮೇಲೆ ನಾವು ಕೆಲವರು ಕುಳಿತು ಅವರು ಯಾವ ಯಾವ ಹಳ್ಳಿಗೆ ಹೋಗುತ್ತಿದ್ದರೆಂದು ಪಟ್ಟಿ ಮಾಡಲು ಹೊರಟೆವು. ಒಬ್ಬರಿಗೆ ನಾಲ್ಕು ಹೆಸರು ಗೊತ್ತಿತ್ತು, ಇನ್ನೊಬ್ಬರಿಗೆ ಆರು. ಪಟ್ಟಿ ಪೂರ್ತಿಯಾಗಲೇ ಇಲ್ಲ. ಆ ಕೊರತೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ನಿಮಗೆ ನನ್ನ ಮೊದಲ ವಿನಂತಿ: ಸಮಾರಂಭದ ದಿನವನ್ನು ಗೊತ್ತುಮಾಡುವುದಕ್ಕಿಂತ ಮೊದಲು ಅವರ ಕೆಲಸವನ್ನು ದಾಖಲಿಸಿ. ಶಾಲೆಯ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಆಡಳಿತ ಸಮಿತಿಯ ನಡಾವಳಿ ಪುಸ್ತಕ, ಚರ್ಚಿನಲ್ಲಿ ಪ್ರಥಮ ಪರಮಪ್ರಸಾದ ಪಡೆದ ಮಕ್ಕಳ ಹೆಸರಿನ ಪುಸ್ತಕ, ಇವನ್ನೆಲ್ಲ ತೆಗೆಸಿ. ಯಾವ ವರ್ಷ ಎಷ್ಟು ಮಕ್ಕಳು ಅವರ ಮುಂದೆ ಕುಳಿತಿದ್ದರು, ಅವರಲ್ಲಿ ಯಾರು ಮನೆಯಲ್ಲಿ ಮೊದಲ ಬಾರಿಗೆ ಎಸ್ಸೆಸ್ಸೆಲ್ಸಿ ದಾಟಿದವರು, ಯಾರು ಶಾಲೆ ಬಿಟ್ಟು ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗಿದ್ದು ಇವರ ಮಾತಿನಿಂದ ಹಿಂದಿರುಗಿದವರು ಎಂಬುದನ್ನು ಬರೆಯಿರಿ. ಹಳೆಯ ವಿದ್ಯಾರ್ಥಿಗಳು ಹೇಳುವುದನ್ನು ಮೊಬೈಲಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಿ. ನಿಮ್ಮ ಕಡೆ ಮನೆಮಾತು ತೆಲುಗಾಗಿರುವವರು ಬಹಳ. ಅವರು ತೆಲುಗಿನಲ್ಲಿಯೇ ಹೇಳಲಿ, ಕನ್ನಡಕ್ಕೆ ಆಮೇಲೆ ಬರೆದುಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಆ ಹಿರಿಯರನ್ನೇ ನಾಲ್ಕಾರು ಸಂಜೆ ಕೂರಿಸಿಕೊಂಡು ಕೇಳಿ. 78 ವರ್ಷದವರ ನೆನಪನ್ನು ಮುಂದಿನ ವರ್ಷಕ್ಕೆಂದು ಮುಂದೂಡುವುದು ತರವಲ್ಲ.

ಹೀಗೆ ಕೂಡಿಸಿದ ವಿವರಗಳಿಂದ ಹುಟ್ಟಿದ ಎರಡು ಪುಟದ ಬಿನ್ನವತ್ತಳೆಯು ವಿಶೇಷಣಗಳನ್ನು ಪೋಣಿಸಿದ ಹತ್ತು ಪುಟಕ್ಕಿಂತ ಹೆಚ್ಚು ತೂಗುತ್ತದೆ. ಅದರಲ್ಲಿ ಇನ್ನೊಂದು ಹೆಸರು ಇರಲೇಬೇಕು. ನಲವತ್ತೊಂದು ವರ್ಷ ಅವರು ಶಾಲೆಗೆ ಕೊಟ್ಟ ಸಂಜೆಗಳು ಅವರ ಮನೆಯವರ ಸಂಜೆಗಳೂ ಆಗಿದ್ದವು. ಮಕ್ಕಳಿಗೆ ಜ್ವರ ಬಂದ ಸಂಜೆ ಆಸ್ಪತ್ರೆಗೆ ಒಬ್ಬರೇ ಹೋದವರು, ತಡವಾಗಿ ಬಂದವರಿಗೆ ಮುದ್ದೆ ಬಿಸಿ ಮಾಡಿಕೊಟ್ಟವರು, ಮನೆಗೇ ಬಂದು ಕುಳಿತ ಮಕ್ಕಳಿಗೆ ಕಾಫಿ ಕೊಟ್ಟವರು ಯಾರೆಂದು ಕೇಳಿ ತಿಳಿದುಕೊಳ್ಳಿ. ವೇದಿಕೆಯ ಮೇಲೆ ಅವರಿಗೂ ಒಂದು ಕುರ್ಚಿ ಇರಲಿ. ಪತಿಯ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸಿದರೆ ಅದು ಸಾಲದು. ಬಿನ್ನವತ್ತಳೆಯಲ್ಲಿ ಅವರ ಹೆಸರೂ ಅವರ ಪಾಲಿನ ದುಡಿಮೆಯೂ ಸ್ಪಷ್ಟವಾಗಿ ಇರಬೇಕು.

ಈಗ ವ್ಯಾಟಿಕನ್ನಿನ ಪದಕದ ವಿಚಾರ. ಅದು ಆಗದ ಮಾತಲ್ಲ. ಜನಸಾಮಾನ್ಯರಾದ ಭಕ್ತರಿಗೆ ಪೋಪ್ ಅವರ ಹೆಸರಿನಲ್ಲಿ ಸಲ್ಲುವ ಗೌರವಗಳಲ್ಲಿ ಇಂಥ ಸೇವೆಗೆ ಒಪ್ಪುವುದು ಎರಡು. ಒಂದು, ಪೋಪ್ ಹದಿಮೂರನೇ ಲಿಯೋ ಅವರು ತಮ್ಮ ಗುರುದೀಕ್ಷೆಯ ಸುವರ್ಣ ಮಹೋತ್ಸವದ ನೆನಪಿಗೆ 1888ರಲ್ಲಿ ಸ್ಥಾಪಿಸಿದ ‘ಪ್ರೊ ಎಕ್ಲೇಸಿಯಾ ಎತ್ ಪೊಂತಿಫಿಚೆ’ ಎಂಬ ಶಿಲುಬೆ. ಧರ್ಮಸಭೆಗಾಗಿ ಮತ್ತು ಪೋಪ್ ಅವರಿಗಾಗಿ ಎಂಬುದು ಆ ಲತೀನ್ ಮಾತಿನ ಅರ್ಥ. ಇನ್ನೊಂದು ‘ಬೆನೆಮೆರೆಂತಿ’ ಪದಕ. ಒಳಿತು ಮಾಡಿ ಅರ್ಹರಾದವರಿಗೆ ಎಂದು ಅದರ ಅರ್ಥ. ಇವನ್ನು ಯಾರೂ ತಮಗಾಗಿ ಕೇಳಿ ಪಡೆಯುವಂತಿಲ್ಲ. ಧರ್ಮಕೇಂದ್ರದ ಗುರುಗಳು ಪೂರ್ಣ ವಿವರದೊಂದಿಗೆ ಧರ್ಮಾಧ್ಯಕ್ಷರಿಗೆ, ಅಂದರೆ ಬಿಷಪ್ಪರಿಗೆ, ಬರೆಯಬೇಕು. ಅವರು ಒಪ್ಪಿದರೆ ಅವರ ಶಿಫಾರಸು ದೆಹಲಿಯಲ್ಲಿರುವ ಪೋಪ್ ಅವರ ರಾಯಭಾರಿಯ ಮೂಲಕ ವ್ಯಾಟಿಕನ್ನಿನ ರಾಜ್ಯ ಕಾರ್ಯಾಲಯಕ್ಕೆ ಹೋಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಜಿಲ್ಲೆಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿರುವುದರಿಂದ ನಿಮ್ಮ ಕಾಗದ ಮೊದಲು ತಲುಪಬೇಕಾದದ್ದು ಬೆಂಗಳೂರಿನ ಮಹಾಧರ್ಮಾಧ್ಯಕ್ಷರನ್ನು. ನಾನು ಮೇಲೆ ಹೇಳಿದ ದಾಖಲೆ ಇಲ್ಲಿಯೂ ಬೇಕಾಗುತ್ತದೆ, ಏಕೆಂದರೆ ದೂರದಲ್ಲಿ ಕುಳಿತು ಓದುವವರಿಗೆ ‘ನಿಸ್ವಾರ್ಥ ಸೇವಕರು’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ.

ಈ ದಾರಿಗೆ ಸಮಯ ಹಿಡಿಯುತ್ತದೆ, ಫಲ ಖಚಿತವೂ ಅಲ್ಲ. ಆದ್ದರಿಂದ ಪದಕ ಬಂದ ಮೇಲೆಯೇ ಸಮಾರಂಭ ಎಂದು ಕಾಯುವುದು ಬೇಡ. ಹಿರಿಯರಿಗೆ ಎಂಬತ್ತು ತುಂಬುವಂಥ ಸಂದರ್ಭಕ್ಕೆ ಪೋಪ್ ಅವರ ಆಶೀರ್ವಾದಪತ್ರವನ್ನು ಗುರುಗಳ ಒಪ್ಪಿಗೆಯೊಂದಿಗೆ ತರಿಸಿಕೊಳ್ಳುವುದು ಇದಕ್ಕಿಂತ ಸುಲಭ, ಮತ್ತು ಅದಕ್ಕೆ ಕೊಡುವ ಹಣ ಪೋಪ್ ಅವರ ಹೆಸರಿನಲ್ಲಿ ನಡೆಯುವ ಬಡವರ ನೆರವಿಗೆ ಹೋಗುತ್ತದೆ. ಕನ್ನಡ ರಾಜ್ಯೋತ್ಸವದಂದು ಜಿಲ್ಲಾಡಳಿತ ಕೊಡುವ ಪ್ರಶಸ್ತಿಗೂ ಶಿಕ್ಷಣ ಸೇವೆಯ ಹೆಸರಿನಲ್ಲಿ ಅರ್ಜಿ ಹಾಕಬಹುದು. ಚರ್ಚಿನ ಶಾಲೆಯಲ್ಲಿ ಮಾಡಿದ ಸೇವೆ ಊರಿನ ಸೇವೆಯಲ್ಲವೆಂದು ನಾವೇ ಮೊದಲು ತೀರ್ಮಾನಿಸಿ ಹಿಂಜರಿಯುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಆ ಶಾಲೆಯಲ್ಲಿ ಕಲಿತ ಮಕ್ಕಳು ಎಲ್ಲ ಜಾತಿ, ಎಲ್ಲ ಮತದ ಮನೆಗಳವರು ಎಂಬುದನ್ನು ನೆನೆದರೆ ಆ ಹಿಂಜರಿಕೆ ಉಳಿಯಲಾರದು.

ಹಮ್ಮಿಣಿಯ ಬಗ್ಗೆ ಒಂದು ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಿಮ್ಮ ನೆರೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರಿಗೆ 1970ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ಸನ್ಮಾನ ನಡೆದು ದೊಡ್ಡ ಮೊತ್ತದ ನಿಧಿಯನ್ನು ಅರ್ಪಿಸಿದಾಗ, ಅವರು ಅದನ್ನು ತಾವು ಕಟ್ಟಿ ಬೆಳೆಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೇ ಕೊಟ್ಟುಬಿಟ್ಟರು. ನಿಮ್ಮ ಹಿರಿಯರೂ ಅದನ್ನೇ ಮಾಡುತ್ತಾರೆಂದು ನನಗೆ ತೋರುತ್ತದೆ. ನಲವತ್ತೊಂದು ವರ್ಷ ಶಾಲೆಯ ಲೆಕ್ಕ ಬರೆದವರಿಗೆ ಶಾಲೆಯ ಛಾವಣಿ ಎಲ್ಲಿ ಸೋರುತ್ತದೆಂದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ಕೂಡಿದ ಹಣವನ್ನು ಮೊದಲೇ ಎರಡು ಭಾಗ ಮಾಡಿ. ಒಂದು ಭಾಗವನ್ನು ಅವರ ಹೆಸರಿನ ದತ್ತಿನಿಧಿಯಾಗಿ ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಿಂದ ಪ್ರತಿ ವರ್ಷ ಗಣಿತದಲ್ಲಿ ಕಷ್ಟಪಡುವ ಮಕ್ಕಳಿಗೆ ಪುಸ್ತಕವನ್ನೋ ಸಂಜೆಯ ತರಗತಿಯ ಖರ್ಚನ್ನೋ ಕೊಡಿ. ಇನ್ನೊಂದು ಭಾಗವನ್ನು ಅವರು ನಿರಾಕರಿಸದಂಥ ರೂಪದಲ್ಲಿ, ಅಂದರೆ ಅವರ ಮತ್ತು ಅವರ ಪತ್ನಿಯ ಆರೋಗ್ಯ ವಿಮೆ, ಕಣ್ಣಿನ ಚಿಕಿತ್ಸೆ, ಔಷಧ ಇಂಥವಕ್ಕೆ ನೇರವಾಗಿ ಸಲ್ಲಿಸಿ. ದತ್ತಿನಿಧಿಗೆ ಬಹುಮಾನ ಅತಿ ಹೆಚ್ಚು ಅಂಕ ತೆಗೆದವರಿಗೆ ಎಂದು ನಿಯಮ ಬರೆಯಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ಅವರು ಸಂಜೆಯ ಹೊತ್ತು ಕೂರಿಸಿಕೊಂಡದ್ದು ಹಿಂದೆ ಬಿದ್ದ ಮಕ್ಕಳನ್ನು.

ಹಣ ಕೂಡಿಸುವ ಬಗೆಯೂ ಗೌರವದ ಭಾಗವೇ. ಕೇರಳದ ಸಂತ ಚಾವರ ಕುರಿಯಾಕೋಸ್ ಏಲಿಯಾಸ್ ಅವರು 1864ರಲ್ಲಿ ಪ್ರತಿ ಚರ್ಚಿನ ಪಕ್ಕದಲ್ಲಿಯೂ ಒಂದು ಶಾಲೆ ಇರಲೇಬೇಕೆಂದು ಆಜ್ಞೆ ಮಾಡಿದರು. ಶಾಲೆಗೆ ಬರುವ ಬಡ ಮಕ್ಕಳ ಊಟಕ್ಕಾಗಿ ಮನೆಮನೆಯಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡುವ ಪದ್ಧತಿಯನ್ನು ಬೆಳೆಸಿದರು. ಒಬ್ಬ ಶ್ರೀಮಂತರು ಇಡೀ ಮೊತ್ತ ಕೊಟ್ಟು ವೇದಿಕೆಯ ಮೇಲೆ ಕುಳಿತರೆ ಆ ಸನ್ಮಾನ ಅರ್ಧ ಅವರದಾಗುತ್ತದೆ. ನಿಮ್ಮ ಹಿರಿಯರಿಂದ ಕಲಿತ ಪ್ರತಿಯೊಬ್ಬರೂ ತಮ್ಮ ಕೈಲಾದಷ್ಟು, ಐವತ್ತೋ ನೂರೋ ರೂಪಾಯಿ ಕೊಡಲಿ. ಕೊಟ್ಟವರ ಹೆಸರಿನ ಮುಂದೆ ಮೊತ್ತ ಬರೆಯುವುದು ಬೇಡ, ಕಲಿತ ವರ್ಷ ಬರೆದರೆ ಸಾಕು. ಆ ಪಟ್ಟಿಯೇ ಅವರಿಗೆ ಓದಲು ಬಹಳ ಪ್ರಿಯವಾಗುತ್ತದೆ.

ದಿನದ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ಸೆಪ್ಟೆಂಬರ್ 5 ಎಲ್ಲರಿಗೂ ಹೊಳೆಯುವ ದಿನ. ಅದು ಶಿಕ್ಷಕರ ದಿನಾಚರಣೆ, ಕೋಲ್ಕತ್ತದಲ್ಲಿ ಹಲವು ವರ್ಷ ಶಾಲಾ ಶಿಕ್ಷಕಿಯಾಗಿದ್ದ ಸಂತ ಮದರ್ ತೆರೇಸಾ ಅವರ ಸ್ಮರಣೆಯ ದಿನವೂ ಹೌದು. ಆದರೆ ಆ ವಾರ ಬೆಂಗಳೂರಿನ ಶಿವಾಜಿನಗರದ ಮರಿಯಮ್ಮನವರ ಹಬ್ಬದ ನೊವೇನ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ನಡೆಯುತ್ತಿರುತ್ತದೆ; ನಿಮ್ಮ ಧರ್ಮಕೇಂದ್ರದ ಅರ್ಧ ಜನ ಅಲ್ಲಿಗೆ ಹೊರಟಿರುತ್ತಾರೆ. 1950ರಲ್ಲಿ ಎಲ್ಲ ಶಿಕ್ಷಕರ ಪಾಲಕ ಸಂತರೆಂದು ಘೋಷಿತರಾದ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಅವರ ಹಬ್ಬ ಏಪ್ರಿಲ್ 7ರಂದು, ಆಗ ಪರೀಕ್ಷೆ ಇಲ್ಲವೇ ರಜೆ. ನನ್ನನ್ನು ಕೇಳಿದರೆ ಸಂತ ಜಾನ್ ಬೋಸ್ಕೊ ಅವರ ಹಬ್ಬವಾದ ಜನವರಿ 31ರ ಆಸುಪಾಸಿನ ಭಾನುವಾರ ಒಳ್ಳೆಯದು. ಶಾಲೆ ನಡೆಯುತ್ತಿರುತ್ತದೆ, ಮಕ್ಕಳಿರುತ್ತಾರೆ, ಬಿಸಿಲೂ ಹದವಾಗಿರುತ್ತದೆ.

ಎಲ್ಲಕ್ಕೂ ಮುಂಚೆ ಅವರನ್ನು ಕೇಳಿ. ಅನಿರೀಕ್ಷಿತವಾಗಿ ಕರೆತಂದು ವೇದಿಕೆಯ ಮೇಲೆ ಕೂರಿಸುವುದರಲ್ಲಿ ನಮಗೆ ಸಂತೋಷವಾಗಬಹುದು, ಅವರಿಗೆ ಸಂಕೋಚವಾಗಬಹುದು. ಕೇಳುವಾಗಲೇ ಇನ್ನೊಂದನ್ನೂ ಹೇಳಿ: ನಿಮ್ಮ ಸಂಜೆಯ ಗಣಿತದ ತರಗತಿಯನ್ನು ಮುಂದಿನ ಜೂನ್‌ನಿಂದ ಇಂಥವರು ತೆಗೆದುಕೊಳ್ಳುತ್ತಾರೆ, ಅಲ್ಲಿಯವರೆಗೆ ವಾರಕ್ಕೊಮ್ಮೆ ನಿಮ್ಮ ಪಕ್ಕದಲ್ಲಿ ಕುಳಿತು ಕಲಿಯುತ್ತಾರೆ ಎಂದು. ಇಬ್ಬರಾದರೂ ತರುಣರು, ಅವರಲ್ಲಿ ಒಬ್ಬರಾದರೂ ಅವರ ಹಳೆಯ ವಿದ್ಯಾರ್ಥಿ ಮುಂದೆ ಬಂದರೆ, ಆ ಮಾತನ್ನು ಕೇಳಿದ ಸಂಜೆಯೇ ಅವರಿಗೆ ಅರ್ಧ ಸನ್ಮಾನವಾದಂತೆ. ನಿಮ್ಮ ಸಮಿತಿಯ ಸಭೆಯಲ್ಲಿ ಮೂರು ಪಂಗಡವಾಯಿತೆಂದು ಬರೆದಿದ್ದೀರಿ; ತರಗತಿಯನ್ನು ಮುಂದುವರಿಸುವವರು ಯಾರೆಂಬ ಪ್ರಶ್ನೆಯನ್ನು ಮೂರರಲ್ಲಿ ಒಂದು ಪಂಗಡವೂ ಎತ್ತಿದಂತೆ ಕಾಣಲಿಲ್ಲ.

ಪ್ರಶ್ನೆ: ತುಮಕೂರಿನಲ್ಲಿ ಧರ್ಮಭಗಿನಿಯರು ನಡೆಸುವ ಒಂದು ಶಾಲೆಯ ಹಳೆಯ ವಿದ್ಯಾರ್ಥಿನಿ ನಾನು. ಮೂವತ್ತು ವರ್ಷಗಳಿಂದ ಅಲ್ಲಿ ಉಚಿತವಾಗಿ ಕನ್ನಡ ವ್ಯಾಕರಣ ಹೇಳಿಕೊಡುತ್ತಿರುವ, ಗ್ರಂಥಾಲಯವನ್ನು ಕಟ್ಟಿ ನಿಲ್ಲಿಸಿದ ಮೇಷ್ಟ್ರು ಕ್ರೈಸ್ತರಲ್ಲ, ಲಿಂಗಾಯತರು. ಅವರ ಕೆಲಸವನ್ನು ಕಥೋಲಿಕ ಶಿಕ್ಷಣದ ಸೇವೆ ಎಂದು ಕರೆಯಬಹುದೇ? ಚರ್ಚಿನೊಳಗೆ ಗೌರವಿಸಬಹುದೇ? ಬಿನ್ನವತ್ತಳೆಯ ಕರಡನ್ನು ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ಧಾರಾಳವಾಗಿ ಕರೆಯಬಹುದು. ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆಯಲ್ಲಿ, ಕಥೋಲಿಕರಲ್ಲದ ವಿದ್ಯಾರ್ಥಿಗಳೂ ಕಲಿಯುವ ಶಾಲೆಗಳು ಧರ್ಮಸಭೆಗೆ ಬಹಳ ಪ್ರಿಯವಾದವು ಎಂದು ಹೇಳಿದೆ. ಅಂಥ ಶಾಲೆಯಲ್ಲಿ ಕಲಿಯುವವರು ನಮ್ಮವರಾದ ಮೇಲೆ ಕಲಿಸುವವರು ಹೊರಗಿನವರಾಗುವುದು ಹೇಗೆ? ಪೋಪ್ ಹದಿನಾರನೇ ಗ್ರೆಗೊರಿ 1831ರಲ್ಲಿ ಸ್ಥಾಪಿಸಿದ ಮಹಾ ಸಂತ ಗ್ರೆಗೊರಿಯವರ ಹೆಸರಿನ ಗೌರವಶ್ರೇಣಿಯೇ ಕಥೋಲಿಕರಲ್ಲದವರಿಗೂ ಸಂದಿರುವಾಗ ಒಂದು ಶಾಲೆಯ ಗೌರವಕ್ಕೆ ಅಡ್ಡಿಯೇನೂ ಇಲ್ಲ. ತುಮಕೂರಿನವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಸಿದ್ಧಗಂಗೆಯಲ್ಲಿ ಅನ್ನ, ಆಶ್ರಯ, ಅಕ್ಷರ ಪಡೆದ ಮಕ್ಕಳ ಜಾತಿ, ಮತಗಳನ್ನು ಯಾರೂ ಕೇಳಲಿಲ್ಲ. ಆ ಊರಿನಿಂದ ಬಂದ ಒಬ್ಬ ಮೇಷ್ಟ್ರು ನಿಮ್ಮ ಶಾಲೆಯ ಮಕ್ಕಳ ಮನೆಯ ದೇವರು ಯಾರೆಂದು ಕೇಳದೆ ಸಂಧಿ, ಸಮಾಸ ಕಲಿಸಿದರು.

ಚರ್ಚಿನೊಳಗೆ ಗೌರವಿಸುವ ಬಗ್ಗೆ: ಬಲಿಪೂಜೆಯ ನಡುವೆ ಸನ್ಮಾನವನ್ನು ಸೇರಿಸುವುದು ಸರಿಯಲ್ಲ, ಅದು ಕಥೋಲಿಕರ ಸನ್ಮಾನಕ್ಕೂ ಅನ್ವಯಿಸುವ ಮಾತು. ಪರಮಪ್ರಸಾದ ಸ್ವೀಕಾರದ ನಂತರದ ಪ್ರಾರ್ಥನೆ ಮುಗಿದ ಮೇಲೆ ಗುರುಗಳು ಚಿಕ್ಕ ಪ್ರಕಟಣೆ ಮಾಡುವ ಅವಕಾಶವಿದೆ. ಆಗ ಎರಡು ಮಾತು ಹೇಳಿ ಕೃತಜ್ಞತೆ ಸಲ್ಲಿಸಬಹುದು. ಮುಖ್ಯ ಸಮಾರಂಭ ಶಾಲೆಯ ಅಂಗಳದಲ್ಲಿಯೇ ನಡೆಯಲಿ. ಅವರು ಮೂವತ್ತು ವರ್ಷ ನಡೆದಾಡಿದ ಜಾಗ ಅದು, ಮತ್ತು ಅಲ್ಲಿ ಯಾವಾಗ ಎದ್ದು ನಿಲ್ಲಬೇಕು, ಯಾವಾಗ ಮೊಣಕಾಲೂರಬೇಕು ಎಂಬ ಗೊಂದಲ ಅವರಿಗೆ ಇರುವುದಿಲ್ಲ. ಕಾಣಿಕೆಯಾಗಿ ಪುಸ್ತಕಗಳನ್ನೇ ಕೊಡಿ. ಇನ್ನೂ ಒಳ್ಳೆಯದೆಂದರೆ ಅವರು ಬಹಳ ದಿನದಿಂದ ಗ್ರಂಥಾಲಯಕ್ಕೆ ಬೇಕೆಂದು ಕೇಳುತ್ತಿದ್ದು ಶಾಲೆ ಕೊಳ್ಳಲಾಗದೆ ಬಿಟ್ಟ ಪುಸ್ತಕಗಳು ಯಾವುವೆಂದು ವಿಚಾರಿಸಿ, ಅವನ್ನು ಅವರ ಹೆಸರಿನಲ್ಲಿ ಗ್ರಂಥಾಲಯಕ್ಕೆ ತನ್ನಿ.

ನಿಮ್ಮ ಕರಡನ್ನು ಓದಿದೆ. ಒಂದೇ ಒಂದು ತಿದ್ದುಪಡಿ, ಆದರೆ ಅದನ್ನು ದಯವಿಟ್ಟು ಮಾಡಲೇಬೇಕು. ಮೂರನೆಯ ಸಾಲಿನಲ್ಲಿ ‘ಅನ್ಯಧರ್ಮೀಯರಾಗಿದ್ದರೂ’ ಎಂದು ಬರೆದಿದ್ದೀರಿ. ವ್ಯಾಕರಣ ಕಲಿಸಿದ ಗುರುಗಳಿಗೆ ಆ ‘ರೂ’ ಏನು ಹೇಳುತ್ತದೆಂದು ತಟ್ಟನೆ ತಿಳಿಯುತ್ತದೆ: ಅವರಿಂದ ಇದನ್ನು ನಾವು ನಿರೀಕ್ಷಿಸಿರಲಿಲ್ಲ ಎಂದು ಅದು ಹೇಳುತ್ತದೆ. ಆ ಪದವನ್ನು ಪೂರ್ತಿ ತೆಗೆದುಹಾಕಿ. ಅವರ ಧರ್ಮವನ್ನು ಹೆಸರಿಸಲೇಬೇಕೆನ್ನಿಸಿದರೆ, ಕಾಯಕವೆಂಬ ಮಾತನ್ನು ನಮಗೆ ಬದುಕಿ ತೋರಿಸಿದವರು ಎಂದು ಬರೆಯಿರಿ. ಆ ಪದ ಅವರ ಮನೆಯದು, ಅದನ್ನು ಅವರಿಂದಲೇ ಕಲಿತಿದ್ದೀರಿ.

ಪ್ರಶ್ನೆ: ನಾವು ಕೋಲಾರ ಜಿಲ್ಲೆಯ ಕೆಜಿಎಫ್‌ನವರು. ಗಣಿ ಮುಚ್ಚಿದ ಮೇಲೆ ಅಪ್ಪನಿಗೆ ಕೆಲಸ ಹೋಯಿತು. ಅದೇ ವರ್ಷ ಅಮ್ಮ ಚರ್ಚಿನವರು ನಡೆಸುವ ಒಂದು ಶಾಲೆಗೆ ಸೇರಿದರು. ಬೆಳಗಿನಿಂದ ಸಂಜೆಯವರೆಗೆ ಚಿಕ್ಕ ಮಕ್ಕಳ ತರಗತಿ ನೋಡಿಕೊಂಡರು. ತಿಂಗಳಿಗೆ ಗೌರವಧನವೆಂದು ಅಲ್ಪಸ್ವಲ್ಪ ಕೊಡುತ್ತಿದ್ದರು, ಸಹಿ ಹಾಕಿಸಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷದ ಮೇಲೆ ಮಂಡಿ ನೋವಿನಿಂದ ಅಮ್ಮ ಬಿಟ್ಟರು. ಪಿ.ಎಫ್. ಇಲ್ಲ, ಬೇರೇನೂ ಇಲ್ಲ. ಈಗ ಅವರ ‘ಸ್ವಯಂಸೇವೆ’ಯನ್ನು ಮೆಚ್ಚಿ ಶಾಲು ಹೊದಿಸುತ್ತಾರಂತೆ. ಅಮ್ಮನಿಗೆ ಸಂತೋಷವಾಗಿದೆ, ನನಗೆ ಸಿಟ್ಟು ಬರುತ್ತಿದೆ. ನನ್ನ ಸಿಟ್ಟು ತಪ್ಪೇ?

ಉತ್ತರ: ತಪ್ಪಲ್ಲ, ತಂಗಿ. ನಿಮ್ಮ ಪತ್ರವನ್ನು ಓದಿ ನನಗೂ ಸಂಕಟವಾಯಿತು. ಮೇಲಿನ ಎರಡು ಪತ್ರಗಳಿಗೆ ಬರೆದ ಉತ್ತರವನ್ನು ನಿಮ್ಮ ಪತ್ರಕ್ಕೆ ಬರೆಯಲು ಸಾಧ್ಯವಿಲ್ಲ, ಏಕೆಂದರೆ ಅವರಿಬ್ಬರೂ ಬೇರೆ ಸಂಪಾದನೆಯ ಮೇಲೆ ನಿಂತು ತಮ್ಮ ಬಿಡುವನ್ನು ಶಾಲೆಗೆ ಕೊಟ್ಟವರು. ನಿಮ್ಮ ಅಮ್ಮ ಕೊಟ್ಟದ್ದು ಬಿಡುವನ್ನಲ್ಲ, ಇಡೀ ದಿನವನ್ನು. ಅದೂ ಮನೆಯಲ್ಲಿ ಸಂಪಾದನೆ ನಿಂತುಹೋಗಿದ್ದ ಕಾಲದಲ್ಲಿ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದಾಗ ನಿಮ್ಮ ಊರಿನ ಮನೆಗಳ ಸ್ಥಿತಿ ಏನಾಯಿತೆಂದು ಜಿಲ್ಲೆಯವರೆಲ್ಲರಿಗೂ ಗೊತ್ತು. ಗಂಡಸರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೊರಟರು. ಊರಿನಲ್ಲಿ ಉಳಿದ ಹೆಂಗಸರು ಸಿಕ್ಕಿದ ಕೆಲಸವನ್ನು ಸಿಕ್ಕಿದ ಹಣಕ್ಕೆ ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡ ಕೆಲಸವನ್ನು ಇಪ್ಪತ್ತೆರಡು ವರ್ಷದ ಮೇಲೆ ಸ್ವಯಂಸೇವೆ ಎಂದು ಕರೆಯುವುದು ನಿಜವಾದ ಸ್ವಯಂಸೇವಕರಿಗೂ ಮಾಡುವ ಅನ್ಯಾಯ.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 231ನೆಯ ವಿಧಿ, ಧರ್ಮಸಭೆಯ ವಿಶೇಷ ಸೇವೆಗೆ ತಮ್ಮನ್ನು ಕೊಟ್ಟುಕೊಂಡ ಜನಸಾಮಾನ್ಯರು ತಮ್ಮ ಮತ್ತು ತಮ್ಮ ಕುಟುಂಬದ ಅಗತ್ಯಗಳನ್ನು ಮರ್ಯಾದೆಯಿಂದ ಪೂರೈಸಿಕೊಳ್ಳುವಷ್ಟು ಸಂಭಾವನೆಗೆ ಹಕ್ಕುಳ್ಳವರು ಎನ್ನುತ್ತದೆ. ಅಷ್ಟಕ್ಕೇ ನಿಲ್ಲದೆ, ಅವರ ವಿಮೆ, ಸಾಮಾಜಿಕ ಭದ್ರತೆ, ವೈದ್ಯಕೀಯ ನೆರವಿನ ವ್ಯವಸ್ಥೆಯೂ ಅವರ ಹಕ್ಕು ಎಂದು ಹೇಳುತ್ತದೆ. ಅಲ್ಲಿರುವ ಪದ ಹಕ್ಕು ಎಂಬುದನ್ನು ಗಮನಿಸಿ. ಅದೇ ವಿಧಿ ದೇಶದ ಕಾನೂನನ್ನೂ ಪಾಲಿಸಬೇಕೆನ್ನುತ್ತದೆ. ದೇಶದ ಕಾನೂನಿನಲ್ಲಿ ಶಿಕ್ಷಕರಿಗೆ ಉಪದಾನ, ಅಂದರೆ ಗ್ರಾಚ್ಯುಟಿ, ಸಲ್ಲಬೇಕೆಂದು 2009ರಲ್ಲಿ ತಿದ್ದುಪಡಿಯಾಗಿ ಅದು 1997ರ ಏಪ್ರಿಲ್ 3ರಿಂದಲೇ ಅನ್ವಯವಾಯಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ 2022ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಐದು ವರ್ಷ ಸತತವಾಗಿ ದುಡಿದವರಿಗೆ, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕದಲ್ಲಿ ಅದು ಸಲ್ಲುತ್ತದೆ. ಕೊಟ್ಟ ಹಣಕ್ಕೆ ಗೌರವಧನವೆಂದು ಹೆಸರಿಟ್ಟ ಮಾತ್ರಕ್ಕೆ ಈ ಪ್ರಶ್ನೆ ಮುಗಿದುಹೋಗುವುದಿಲ್ಲ. ದಿನವೂ ಹಾಜರಿ ಹಾಕುತ್ತಿದ್ದರೇ, ವೇಳಾಪಟ್ಟಿಯಲ್ಲಿ ಅವರ ಹೆಸರಿತ್ತೇ, ರಜೆಗೆ ಚೀಟಿ ಬರೆದುಕೊಡಬೇಕಾಗಿತ್ತೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಕಾರ್ಮಿಕ ಕಾನೂನು ತಿಳಿದ ವಕೀಲರೊಬ್ಬರಿಗೆ ನಿಮ್ಮಲ್ಲಿರುವ ಕಾಗದಗಳನ್ನು ಒಮ್ಮೆ ತೋರಿಸಿ.

ಇಷ್ಟು ಬರೆದ ಮೇಲೂ, ಆ ಶಾಲನ್ನು ಬೇಡವೆನ್ನಿ ಎಂದು ನಾನು ನಿಮ್ಮ ಅಮ್ಮನಿಗೆ ಹೇಳಿಸಲಾರೆ. ಇಪ್ಪತ್ತೆರಡು ವರ್ಷ ಮಕ್ಕಳ ಮೂಗೊರೆಸಿ, ಸ್ಲೇಟು ಹಿಡಿಸಿ, ಅ ಆ ಇ ಈ ಬರೆಸಿದ ಕೈಗಳನ್ನು ಊರು ನಾಲ್ಕು ಜನರ ಮುಂದೆ ನೆನೆಯುವುದು ಅವರಿಗೆ ಸಂತೋಷ ಕೊಟ್ಟಿದ್ದರೆ ಅದು ಅವರು ಗಳಿಸಿದ ಸಂತೋಷ. ಅದನ್ನು ನಿಮ್ಮ ಸಿಟ್ಟು ಕಸಿದುಕೊಳ್ಳದಿರಲಿ. ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಿ: ಗೌರವ ವೇದಿಕೆಯ ಮೇಲೆ, ಬಾಕಿ ಕಚೇರಿಯಲ್ಲಿ. ಬಾಕಿಯ ಮಾತನ್ನು ಆಡುವವರು ನೀವಾಗಿರಿ, ಅಮ್ಮನ ಒಪ್ಪಿಗೆ ಪಡೆದು. ಅವರು ಸೇರಿದ ತಿಂಗಳು, ಬಿಟ್ಟ ತಿಂಗಳು, ಯಾವ ವರ್ಷ ಯಾವ ತರಗತಿ, ತಿಂಗಳಿಗೆ ಎಷ್ಟು ಕೊಟ್ಟರು ಎಂಬುದನ್ನು ಅವರಿಂದಲೇ ಕೇಳಿ ಒಂದು ಹಾಳೆಯಲ್ಲಿ ಬರೆಯಿರಿ. ಸಹಿ ಪುಸ್ತಕದ ನಕಲು ಬೇಕೆಂದು, ಮಂಡಿಯ ಚಿಕಿತ್ಸೆಗೆ ನೆರವು ಬೇಕೆಂದು, ಉಪದಾನದ ವಿಷಯವನ್ನು ಪರಿಶೀಲಿಸಬೇಕೆಂದು ವಿನಯದಿಂದ, ಆದರೆ ಸ್ಪಷ್ಟವಾಗಿ ಶಾಲೆಯ ಆಡಳಿತಕ್ಕೆ ಒಂದು ಪತ್ರ ಬರೆದು, ಅದರ ಪ್ರತಿಯನ್ನು ಮಹಾಧರ್ಮಕ್ಷೇತ್ರದ ಕಚೇರಿಗೂ ಕಳುಹಿಸಿ. ರಿಜಿಸ್ಟರ್ ಅಂಚೆಯಲ್ಲಿ ಹಾಕಿ, ರಸೀದಿಯನ್ನು ಜೋಪಾನವಾಗಿಡಿ. ಸಾಧ್ಯವಾದರೆ ಆ ಪತ್ರ ಸಮಾರಂಭದ ದಿನಕ್ಕಿಂತ ಮೊದಲೇ ಅವರ ಕೈಸೇರಲಿ. ಬಿನ್ನವತ್ತಳೆ ಬರೆಯುವವರು ಅದನ್ನು ಓದಿಕೊಂಡೇ ಬರೆಯಲಿ.